ಸೋತ ಮೇಲೆ ಕೈ ಕುಲುಕದೆ ಹೊರಟುಹೋದ ಮಗ: ನಾನು ಬೈದದ್ದು ಸರಿಯೇ?

ಕೊಲಂಬಸ್ ಅಪ್ಪ

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನಗಳಿಂದ ನಮ್ಮ ಮನೆಯಲ್ಲಿ ಒಂದೇ ಮಾತು, ಒಂದೇ ಜಗಳ. ಹೊರಗಿನವರು ಏನು ಹೇಳುತ್ತಾರೋ ಕೇಳೋಣ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮಗ ಓಹಾಯೊದ ಒಂದು ಸಣ್ಣ ಕಾಲೇಜಿನಲ್ಲಿ ಮೂರನೆಯ ವರ್ಷ ಓದುತ್ತಿದ್ದಾನೆ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್. ಡಿವಿಷನ್ 3, ಅಂದರೆ ಕಾಲೇಜು ಕ್ರೀಡೆಯ ಮೂರನೆಯ ದರ್ಜೆ, ಆದ್ದರಿಂದ ಆಟಕ್ಕೆಂದು ಒಂದು ಡಾಲರ್ ವಿದ್ಯಾರ್ಥಿವೇತನವೂ ಇಲ್ಲ. ಆಟದ ಮೇಲಿನ ಪ್ರೀತಿಗೆ ಆಡುವ ಹುಡುಗರು. ಕಳೆದ ಗುರುವಾರ ಸಂಜೆ ಎದುರಾಳಿಯ ಊರಿನಲ್ಲಿ ಕಾನ್ಫರೆನ್ಸ್ (ನಮ್ಮ ಕಾಲೇಜುಗಳ ಗುಂಪಿನ) ಸೆಮಿಫೈನಲ್. ನಾನೂ ಹೆಂಡತಿಯೂ ಎರಡು ಗಂಟೆ ಕಾರು ಓಡಿಸಿಕೊಂಡು ಹೋಗಿದ್ದೆವು. 68–69ರಲ್ಲಿ ಇವರು ಹಿಂದೆ. ಮೂರು ಸೆಕೆಂಡ್ ಉಳಿದಿರುವಾಗ ಇವನ ಮೇಲೆ ಫೌಲ್ ಆಯಿತು. ಯಾರೂ ಅಡ್ಡ ಬರದೆ ಎಸೆಯುವ ಫ್ರೀ ಥ್ರೋ ಅವಕಾಶ ಸಿಕ್ಕಿ, ಆ ಗೆರೆಯ ಬಳಿ ಬಂದು ನಿಂತ. ಯಾವಾಗಲೂ ಮಾಡುವ ಹಾಗೆ ಚೆಂಡನ್ನು ಮೂರು ಸಲ ಪುಟಿಸಿದ, ಬಲಗೈಯನ್ನು ಚಡ್ಡಿಗೆ ಒರೆಸಿಕೊಂಡ, ಎಸೆದ. ಚೆಂಡು ರಿಂಗಿನ ಹಿಂಬದಿಗೆ ಬಡಿದು, ಮುಂಬದಿಗೆ ಬಂದು, ಹೊರಗೆ ಬಿತ್ತು. ರೀಬೌಂಡ್, ಅಂದರೆ ರಿಂಗಿಗೆ ಬಡಿದು ಬಂದ ಚೆಂಡು, ಎದುರಾಳಿಯ ಪಾಲಾಯಿತು. ಆಟ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಗ ಅಲ್ಲೇ ಕುಕ್ಕರಿಸಿ ಕುಳಿತು ಜೆರ್ಸಿಯನ್ನು ಮುಖದ ಮೇಲೆ ಎಳೆದುಕೊಂಡು ಅತ್ತ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎರಡೂ ತಂಡಗಳು ಕೈ ಕುಲುಕಲು ಸಾಲಾಗಿ ನಿಂತಾಗ ಇವನು ಎದ್ದು ನೇರವಾಗಿ ಲಾಕರ್ ಕೊಠಡಿಗೆ ನಡೆದುಬಿಟ್ಟ. ಎದುರಾಳಿ ತಂಡದ 11ನೆಯ ನಂಬರಿನ ಹುಡುಗ ಸಾಲು ಬಿಟ್ಟು ಇವನ ಕಡೆಗೆ ನಾಲ್ಕು ಹೆಜ್ಜೆ ಬಂದು ಕೈ ಚಾಚಿದ. ಇವನು ಪಕ್ಕದಲ್ಲೇ ಹಾದು ಹೋದ. ಆ ಹುಡುಗ ಚಾಚಿದ ಕೈಯನ್ನು ಒಂದು ಕ್ಷಣ ಹಾಗೆಯೇ ಹಿಡಿದಿದ್ದು ಮೆಲ್ಲಗೆ ಇಳಿಸಿದ. ಆ ಕೈ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಬಸ್ ಹತ್ತುವ ಮೊದಲು ಪಾರ್ಕಿಂಗ್ ಜಾಗದಲ್ಲಿ ಅವನಿಗೆ ಹೇಳಿದೆ: "ಸೋತದ್ದಕ್ಕೆ ನನಗೆ ಬೇಸರವಿಲ್ಲ. ನಡೆದುಕೊಂಡ ರೀತಿಗೆ ಬೇಸರವಿದೆ. ನಿನ್ನನ್ನು ನಾವು ಹೀಗೆ ಬೆಳೆಸಿಲ್ಲ." ಅವನು ಏನೂ ಹೇಳದೆ ಬಸ್ ಹತ್ತಿದ. ಅಂದಿನಿಂದ ಫೋನ್ ಎತ್ತುತ್ತಿಲ್ಲ. ಹೆಂಡತಿ ಹೇಳುವುದು, "ಹೇಳಿದ ಮಾತು ಸರಿ, ಹೇಳಿದ ಹೊತ್ತು ತಪ್ಪು" ಎಂದು. ನನಗೆ ಹಾಗೆ ಅನ್ನಿಸುತ್ತಿಲ್ಲ. ನೀವು ಏನನ್ನುತ್ತೀರಿ?

ಪಾಯಿಂಟ್ ಗಾರ್ಡ್ 7

ನಿಮ್ಮ ಮನೆಯವರು ಹೇಳಿದ್ದೇ ಸರಿ ಸರ್.

ತೀರ್ಥಹಳ್ಳಿ ಹುಡುಗ

ನನಗೊಂದು ಸಂದೇಹ. ಫೌಲ್ ಆದರೆ ಎರಡು ಫ್ರೀ ಥ್ರೋ ಸಿಗಬೇಕಲ್ಲವೇ? ಎರಡನೆಯದು ಎಲ್ಲಿ ಹೋಯಿತು?

ಹಳೆಯ ರೆಫರಿ

ನಮ್ಮ ಕಡೆ ಆಡುವುದು ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಂತೆ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒಂದು ಕ್ವಾರ್ಟರಿನಲ್ಲಿ ತಂಡದ ಫೌಲ್ ನಾಲ್ಕು ದಾಟಿದರೆ ಎರಡು ಫ್ರೀ ಥ್ರೋ. ಅಮೆರಿಕದ ಪುರುಷರ ಕಾಲೇಜು ಆಟದಲ್ಲಿ ಇಪ್ಪತ್ತು ನಿಮಿಷದ ಎರಡು ಅವಧಿಗಳು. ಒಂದು ಅವಧಿಯಲ್ಲಿ ಎದುರಾಳಿಯ ಏಳನೆಯ ಫೌಲಿನಿಂದ ಒಂಬತ್ತನೆಯ ಫೌಲಿನವರೆಗೆ 'ಒನ್ ಆಂಡ್ ಒನ್': ಮೊದಲನೆಯದನ್ನು ಹಾಕಿದರೆ ಮಾತ್ರ ಎರಡನೆಯ ಅವಕಾಶ. ತಪ್ಪಿದರೆ ಚೆಂಡು ಆಟದಲ್ಲೇ ಇರುತ್ತದೆ, ರೀಬೌಂಡ್ ಹಿಡಿದವನದೇ ಚೆಂಡು. ಹತ್ತನೆಯ ಫೌಲಿನಿಂದ ಎರಡು ಖಚಿತ. ಅಪ್ಪನವರ ಮಗನಿಗೆ ಸಿಕ್ಕಿದ್ದು ಒನ್ ಆಂಡ್ ಒನ್ ಇರಬೇಕು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದಕ್ಕಿಂತ ಕ್ರೂರವಾದ ಜಾಗ ಇನ್ನೊಂದಿಲ್ಲ. ಮಿಕ್ಕ ಒಂಬತ್ತು ಜನ ಸುಮ್ಮನೆ ನಿಂತು ನೋಡುತ್ತಾರೆ. ಕಾವಲು ಇಲ್ಲ, ತಳ್ಳಾಟ ಇಲ್ಲ, ಹದಿನೈದು ಅಡಿ ದೂರ, ನೀನು ಮತ್ತು ರಿಂಗು. ತಪ್ಪಿದರೆ ಬೇರೆ ಯಾರ ಮೇಲೂ ಹಾಕುವಂತಿಲ್ಲ.

ಕೊಲಂಬಸ್ ಅಪ್ಪ

ಹೌದು, ಒನ್ ಆಂಡ್ ಒನ್. ಎಂಟನೆಯ ಫೌಲ್.

ಹ್ಯೂಸ್ಟನ್ ಕನ್ನಡಿಗ

ಒನ್ ಆಂಡ್ ಒನ್ ಎಂದ ಕೂಡಲೇ 2025ರ ಏಪ್ರಿಲ್ 5 ನೆನಪಾಯಿತು. ಸ್ಯಾನ್ ಆಂಟೋನಿಯೊದಲ್ಲಿ ಪುರುಷರ ಕಾಲೇಜು ತಂಡಗಳ ರಾಷ್ಟ್ರೀಯ ಸೆಮಿಫೈನಲ್. ದ್ವಿತೀಯಾರ್ಧದಲ್ಲಿ ನಮ್ಮ ಹ್ಯೂಸ್ಟನ್ ವಿರುದ್ಧ ಡ್ಯೂಕ್ 14 ಅಂಕ ಮುಂದಿತ್ತು. ಕೊನೆಯ 20 ಸೆಕೆಂಡಿನ ಹೊತ್ತಿಗೆ ಡ್ಯೂಕ್‌ನ ಟೈರೀಸ್ ಪ್ರಾಕ್ಟರ್ ಒನ್ ಆಂಡ್ ಒನ್‌ನ ಮೊದಲನೆಯದನ್ನೇ ತಪ್ಪಿಸಿದ. ರೀಬೌಂಡ್‌ಗೆ ಜಿಗಿದಾಗ ಡ್ಯೂಕ್‌ನವನೇ ಆದ ಕೂಪರ್ ಫ್ಲ್ಯಾಗ್ ಫೌಲ್ ಮಾಡಿದ ಎಂದು ರೆಫರಿ ಕೊಟ್ಟರು. ಹ್ಯೂಸ್ಟನ್‌ನ ಜೆ'ವಾನ್ ರಾಬರ್ಟ್ಸ್ ಎರಡನ್ನೂ ಹಾಕಿದ. 70–67. ನಮ್ಮ ಬೀದಿಯಲ್ಲಿ ಪಟಾಕಿ.

ಎರಡೇ ದಿನ. ಏಪ್ರಿಲ್ 7ರ ಫೈನಲ್‌ನಲ್ಲಿ ಫ್ಲಾರಿಡಾ ವಿರುದ್ಧ ಅದೇ ಹ್ಯೂಸ್ಟನ್ 12 ಅಂಕ ಮುಂದಿದ್ದು 65–63ರಲ್ಲಿ ಸೋತಿತು. ಕೊನೆಯ ಎಸೆತಕ್ಕೆ ಇಮ್ಯಾನುಯೆಲ್ ಶಾರ್ಪ್ ಮೇಲಕ್ಕೆ ಜಿಗಿದಿದ್ದಾನೆ, ಎದುರಿನಿಂದ ವಾಲ್ಟರ್ ಕ್ಲೇಟನ್ ಹಾರಿ ಬಂದ. ಎಸೆದರೆ ತಡೆಯುತ್ತಾನೆ, ಹಿಡಿದುಕೊಂಡೇ ಇಳಿದರೆ ಟ್ರಾವೆಲಿಂಗ್ ಎಂಬ ತಪ್ಪು, ಚೆಂಡು ಎದುರಾಳಿಗೆ. ಶಾರ್ಪ್ ಚೆಂಡನ್ನು ಕೈಬಿಟ್ಟ. ಆಮೇಲೆ ತಾನೇ ಮುಟ್ಟುವಂತಿಲ್ಲ. ಆ ಚೆಂಡು ಅವನ ಕಾಲ ಬಳಿಯೇ ಪುಟಿಯುತ್ತಿದೆ, ಅವನು ಬಗ್ಗಿ ನೋಡುತ್ತಿದ್ದಾನೆ, ಮುಟ್ಟುತ್ತಿಲ್ಲ. ಫ್ಲಾರಿಡಾದ ಹುಡುಗನೊಬ್ಬ ಅದರ ಮೇಲೆ ಬಿದ್ದ. ಗಡಿಯಾರ ಸೊನ್ನೆಗೆ ಬಂತು.

ಆ ರಾತ್ರಿ ನಮ್ಮ ಮನೆಯಲ್ಲಿ ಹದಿನೈದು ಕನ್ನಡಿಗರು ಸೇರಿದ್ದೆವು. ಬಿಸಿಬೇಳೆಬಾತ್ ಪಾತ್ರೆಯಲ್ಲೇ ಆರಿತು. ಶಾರ್ಪ್ ಕುಕ್ಕರಿಸಿ ಕುಳಿತದ್ದನ್ನು ಕ್ಯಾಮೆರಾ ಮತ್ತೆ ಮತ್ತೆ ತೋರಿಸುತ್ತಿತ್ತು. ನಮ್ಮಲ್ಲೊಬ್ಬರು ನಕ್ಕರು. ನನ್ನ ಹನ್ನೆರಡು ವರ್ಷದ ಮಗಳು ಎದ್ದು ಹೋಗಿ ಟಿವಿ ಆರಿಸಿದಳು. ಅಪ್ಪನವರೇ, ನಿಮ್ಮ ಮಗ ಅತ್ತದ್ದರಲ್ಲಿ ತಪ್ಪಿಲ್ಲ ಎಂದು ನೀವೇ ಬರೆದಿದ್ದೀರಿ, ಅದು ದೊಡ್ಡ ಮಾತು. ಆದರೆ ಹಾಗೆ ಅಳುತ್ತಿರುವವನಿಗೆ ಮೂವತ್ತು ಸೆಕೆಂಡಿನಲ್ಲಿ ಎದ್ದು ಸಾಲಿನಲ್ಲಿ ನಿಲ್ಲು ಎನ್ನುವುದು ಸಾಧ್ಯವೇ?

ಮೈಸೂರು ಮೇಷ್ಟ್ರು

ಸಾಧ್ಯ. ಸಾಧ್ಯವಾಗಬೇಕು. ಮೂವತ್ತೊಂದು ವರ್ಷ ದೈಹಿಕ ಶಿಕ್ಷಣ ಕಲಿಸಿದವನು ನಾನು. ಅಳುತ್ತಲೇ ಕೈ ಕೊಡಬಹುದು. ಕಣ್ಣೀರಿಗೂ ಕೈಗೂ ಏನು ಜಗಳ? ದಸರಾ ಕುಸ್ತಿಯಲ್ಲಿ ಮಣ್ಣು ಕಚ್ಚಿದ ಪೈಲ್ವಾನ ಎದ್ದು ಗೆದ್ದವನ ಕೈ ಹಿಡಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮೈತುಂಬ ಮಣ್ಣು, ಕಣ್ಣಲ್ಲಿ ನೀರು, ಆದರೂ ಕೈ ಹಿಡಿಯುತ್ತಾನೆ. ಏಕೆಂದರೆ ಅದು ನಮ್ಮ ಮನಸ್ಸಿನ ಸ್ಥಿತಿಗೆ ಬಿಟ್ಟ ವಿಷಯವಲ್ಲ, ಎದುರಿನವನಿಗೆ ಸಲ್ಲಬೇಕಾದ ಮರ್ಯಾದೆ. ಅವನು ಇಲ್ಲದಿದ್ದರೆ ಆಟವೇ ಇಲ್ಲ. ಅಪ್ಪ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ರಾಲಿ ಕನ್ನಡತಿ

ಮೇಷ್ಟ್ರೇ, ಗೌರವದಿಂದಲೇ ಒಪ್ಪುವುದಿಲ್ಲ ಎನ್ನುತ್ತೇನೆ. ಮನಸ್ಸು ಕುದಿಯುತ್ತಿರುವಾಗ ಬಲವಂತವಾಗಿ ಸಾಲಿನಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ 2022ರ ಫೆಬ್ರುವರಿ 20 ಸಾಕ್ಷಿ. ಮ್ಯಾಡಿಸನ್‌ನಲ್ಲಿ ವಿಸ್ಕಾನ್ಸಿನ್ 77–63ರಿಂದ ಮಿಷಿಗನ್ ತಂಡವನ್ನು ಸೋಲಿಸಿತು. ಗೆಲುವು ಖಚಿತವಾದ ಮೇಲೂ ವಿಸ್ಕಾನ್ಸಿನ್ ತರಬೇತುದಾರ ಗ್ರೆಗ್ ಗಾರ್ಡ್ ಕೊನೆಯ ಕ್ಷಣಗಳಲ್ಲಿ ಟೈಮ್‌ಔಟ್ (ಆಟ ನಿಲ್ಲಿಸುವ ಸಣ್ಣ ವಿರಾಮ) ತೆಗೆದುಕೊಂಡರು ಎಂದು ಮಿಷಿಗನ್‌ನ ತರಬೇತುದಾರ ಜುವಾನ್ ಹೊವರ್ಡ್‌ಗೆ ಕೋಪ. ಕೈ ಕುಲುಕುವ ಸಾಲಿನಲ್ಲೇ ಮಾತಿಗೆ ಮಾತು ಬೆಳೆದು ಹೊವರ್ಡ್ ವಿಸ್ಕಾನ್ಸಿನ್‌ನ ಸಹಾಯಕ ತರಬೇತುದಾರನ ಮುಖಕ್ಕೆ ಕೈ ಬೀಸಿದರು. ಹುಡುಗರೂ ಹೊಡೆದಾಡಿದರು. ಹೊವರ್ಡ್‌ಗೆ ಐದು ಪಂದ್ಯಗಳ ಅಮಾನತು, 40,000 ಡಾಲರ್ ದಂಡ. ಗಾರ್ಡ್‌ಗೂ 10,000 ಡಾಲರ್ ದಂಡ. ಕ್ರೀಡಾ ಮನೋಭಾವ ತೋರಿಸುವುದಕ್ಕೆಂದೇ ಇರುವ ಸಾಲಿನಲ್ಲಿ ಹೊಡೆದಾಟ!

ನಿಮ್ಮ ಮಗ ಯಾರನ್ನೂ ಬೈಯಲಿಲ್ಲ, ಯಾರನ್ನೂ ತಳ್ಳಲಿಲ್ಲ. ತನ್ನ ನೋವನ್ನು ತಾನು ಹೊತ್ತುಕೊಂಡು ಒಳಗೆ ಹೋದ.

ಮೈಸೂರು ಮೇಷ್ಟ್ರು

ಅದು ಸಾಲಿನ ತಪ್ಪಲ್ಲ, ಹೊವರ್ಡ್ ತಪ್ಪು. ಯಾರೋ ಮದುವೆ ಮನೆಯಲ್ಲಿ ಜಗಳವಾಡಿದರು ಎಂದು ಊಟದ ಪಂಕ್ತಿಯನ್ನೇ ನಿಲ್ಲಿಸುತ್ತಾರೆಯೇ?

ಪಾಯಿಂಟ್ ಗಾರ್ಡ್ 7

ಆಗ ಇದೇ ಚರ್ಚೆ ಅಮೆರಿಕದಾದ್ಯಂತ ನಡೆಯಿತು. ಕೈ ಕುಲುಕುವ ಸಾಲನ್ನೇ ಕೈಬಿಡೋಣ ಎಂದು ಕೆಲವರು ಹೇಳಿದಾಗ ಮಿಷಿಗನ್ ಸ್ಟೇಟ್‌ನ ತರಬೇತುದಾರ ಟಾಮ್ ಇಜೊ ಕಟುವಾಗಿ ವಿರೋಧಿಸಿದರು. ನಾನು ಇಜೊ ಕಡೆ. ಆದರೆ ಇದು ಮೇಷ್ಟ್ರು ಹೇಳುವಷ್ಟು ಸುಲಭ ಅಲ್ಲ. ಬೆಂಗಳೂರಿನಲ್ಲಿ ಆರು ವರ್ಷ ಕ್ಲಬ್ ಆಡಿದ್ದೇನೆ. ಕಂಠೀರವ ಒಳಾಂಗಣದಲ್ಲಿ ಒಂದು ಫೈನಲ್ ಸೋತು ಕೈ ಕುಲುಕಿದ್ದು ನೆನಪೇ ಇಲ್ಲ ನನಗೆ. ಕುಲುಕಿದ್ದೇನೆ ಎಂದು ಫೋಟೊ ಹೇಳುತ್ತದೆ. ಆ ಫೋಟೊದಲ್ಲಿ ನನ್ನ ಕಣ್ಣು ಎಲ್ಲೋ ಇದೆ. ಅಂಥ ಕೈಯಿಂದ ಯಾರಿಗೆ ಏನು ಸಿಕ್ಕಿತು?

ಹಳೆಯ ರೆಫರಿ

ಎದುರಿನವನಿಗೆ ಸಿಕ್ಕಿತು ತಮ್ಮಾ. ನಿನಗೆ ನೆನಪಿಲ್ಲದಿರಬಹುದು, ಅವನಿಗೆ ಇರುತ್ತದೆ.

ಸ್ಪೋಕೇನ್ ನಿವಾಸಿ

ನಮ್ಮೂರಿನ ಕಥೆ ಹೇಳದಿದ್ದರೆ ಈ ಚರ್ಚೆ ಅಪೂರ್ಣ. 2006ರ ಮಾರ್ಚ್ 23, ಓಕ್ಲಂಡ್. ಇಲ್ಲಿನ ಗೊನ್ಝಾಗ ವಿಶ್ವವಿದ್ಯಾಲಯ, ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ವಿರುದ್ಧ ಒಂದು ಹಂತದಲ್ಲಿ 17 ಅಂಕ ಮುಂದಿತ್ತು. ಕೊನೆಯ ಹನ್ನೊಂದು ಅಂಕಗಳನ್ನೂ ಯುಸಿಎಲ್‌ಎ ಹಾಕಿತು. 73–71. ಆ ವರ್ಷ ಪಂದ್ಯಕ್ಕೆ ಸರಾಸರಿ 28.1 ಅಂಕ ಹಾಕಿ ಇಡೀ ದೇಶದಲ್ಲೇ ಮೊದಲಿಗನಾಗಿದ್ದ ಆಡಮ್ ಮಾರಿಸನ್ ಅಂಕಣದ ನಡುವೆ ಬೋರಲಾಗಿ ಬಿದ್ದು ಜೆರ್ಸಿಯಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅದೇ ಅವನ ಕೊನೆಯ ಕಾಲೇಜು ಪಂದ್ಯ.

ಆಗ ಏನಾಯಿತು ಗೊತ್ತೇ? ಗೆದ್ದ ಯುಸಿಎಲ್‌ಎ ತಂಡದ ಆ್ಯರನ್ ಅಫ್ಲಾಲೊ ಮತ್ತು ರಯಾನ್ ಹಾಲಿನ್ಸ್ ತಮ್ಮ ಸಂಭ್ರಮ ಬಿಟ್ಟು ಅವನ ಬಳಿಗೆ ಬಂದರು. ಬಗ್ಗಿ ತೋಳಿಗೆ ಕೈ ಹಾಕಿ ಎಬ್ಬಿಸಿದರು. ನನ್ನ ಪ್ರಕಾರ ಸಾಲಿನಲ್ಲಿ ಕುಲುಕಿದ ಸಾವಿರ ಕೈಗಿಂತ ಅದು ದೊಡ್ಡದು. ಸೋತವನು ಸಾಲಿಗೆ ಬರಲಿಲ್ಲ ಎಂದು ಯಾರೂ ಲೆಕ್ಕ ಹಾಕಲಿಲ್ಲ, ಗೆದ್ದವರೇ ಅವನಿದ್ದಲ್ಲಿಗೆ ಹೋದರು.

ತೀರ್ಥಹಳ್ಳಿ ಹುಡುಗ

ಆದರೆ ಆ ಮಾರಿಸನ್‌ನನ್ನು ಎಷ್ಟು ಹೀಯಾಳಿಸಿದರು ಎಂಬುದನ್ನೂ ಹೇಳಿ. ಆಟ ಪೂರ್ತಿ ಮುಗಿಯುವ ಮೊದಲೇ ಅಳಲು ಶುರು ಮಾಡಿದ ಎಂದು. ಆ ಅಳುವ ಚಿತ್ರ ಅವನನ್ನು ವರ್ಷಗಟ್ಟಲೆ ಬಿಡಲಿಲ್ಲ.

ಸ್ಪೋಕೇನ್ ನಿವಾಸಿ

ಹೌದು. ಅದು ನನಗೆ ಇಂದಿಗೂ ಸಿಟ್ಟು ತರಿಸುವ ವಿಷಯ. ಆತ ಹದಿಮೂರನೆಯ ವಯಸ್ಸಿನ ಹೊತ್ತಿನಿಂದ ಮಧುಮೇಹದೊಂದಿಗೆ ಬದುಕುತ್ತ, ಆಟದ ನಡುವೆ ಬೆಂಚಿನಲ್ಲಿ ಕುಳಿತು ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳುತ್ತ ಆಡಿದವನು. ಅಂಥವನ ಗಟ್ಟಿತನವನ್ನು ಎರಡು ನಿಮಿಷದ ಕಣ್ಣೀರಿನಿಂದ ಅಳೆದರು.

ಭದ್ರಾವತಿ 1980

ಬ್ಯಾಸ್ಕೆಟ್‌ಬಾಲ್ ನನಗೆ ಅಷ್ಟು ತಿಳಿಯದು. ಆದರೆ ಕ್ರೀಡಾ ಮನೋಭಾವ ಎಂದರೆ ನಮ್ಮ ಊರಿನ ವಿಶ್ವನಾಥ್. ಮುಂಬೈಯ ವಾಂಖೆಡೆಯಲ್ಲಿ ಇಂಗ್ಲೆಂಡ್‌ನ ಬಾಬ್ ಟೇಲರ್ ಔಟ್ ಎಂದು ಅಂಪೈರ್ ಹೇಳಿದ ಮೇಲೂ, ಚೆಂಡು ಬ್ಯಾಟಿಗೆ ತಗುಲಿಲ್ಲ ಎಂದು ವಾಪಸ್ ಕರೆದರು. ಆ ಪಂದ್ಯ ಗೆದ್ದದ್ದು ಸತ್ಯಕ್ಕೆ ಸಿಕ್ಕ ಫಲ.

ಪಾಯಿಂಟ್ ಗಾರ್ಡ್ 7

ಗೆಲ್ಲಲಿಲ್ಲ ಸರ್, ಸೋತರು. 1980ರ ಫೆಬ್ರುವರಿಯ ಸುವರ್ಣ ಮಹೋತ್ಸವ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ವಾಪಸ್ ಬಂದ ಟೇಲರ್ ಬೋಥಮ್ ಜೊತೆ 171 ಓಟಗಳ ಜೊತೆಯಾಟ ಆಡಿದರು. ಭಾರತಕ್ಕೆ ಹತ್ತು ವಿಕೆಟ್‌ಗಳ ಸೋಲು.

ಭದ್ರಾವತಿ 1980

ತಿದ್ದಿದ್ದಕ್ಕೆ ಧನ್ಯವಾದ. ಸೋತರು ಎಂದಾದರೆ ವಿಶ್ವನಾಥ್ ನನಗೆ ಇನ್ನೂ ದೊಡ್ಡವರಾಗಿ ಕಾಣುತ್ತಾರೆ.

ಪುತ್ತೂರಿನವಳು

ನಾನೊಬ್ಬಳು ಆಟಗಾರ್ತಿಯಾಗಿದ್ದೆ, ಆ ಅನುಭವದಿಂದ ಹೇಳುತ್ತೇನೆ. ಅಂತರ ಕಾಲೇಜು ಫೈನಲ್, ಕೊನೆಯ ನಿಮಿಷದಲ್ಲಿ ನಾನು ಕೊಟ್ಟ ಪಾಸ್ ಎದುರಾಳಿಯ ಕೈ ಸೇರಿತು. ಆಟ ಮುಗಿದ ಕೂಡಲೇ ಓಡಿಹೋಗಿ ಶೌಚಾಲಯದ ಬಾಗಿಲು ಹಾಕಿಕೊಂಡೆ. ನಲ್ಲಿ ಬಿಟ್ಟು ಅತ್ತೆ, ಸದ್ದು ಕೇಳಬಾರದು ಎಂದು. ಹೊರಗೆ ಬಂದಾಗ ಗೆದ್ದ ತಂಡದ ನಾಯಕಿ ಗೋಡೆಗೆ ಒರಗಿ ನಿಂತಿದ್ದಳು. ಕೈಯಲ್ಲಿ ನೀರಿನ ಬಾಟಲಿ. "ಮುಖ ತೊಳೆದುಕೊಂಡು ಬಾ, ಬಹುಮಾನ ಕೊಡುತ್ತಿದ್ದಾರೆ" ಎಂದಳು ಅಷ್ಟೇ. ಇಪ್ಪತ್ತೆರಡು ವರ್ಷವಾಯಿತು. ಅವಳು ನನ್ನ ಮದುವೆಗೂ ಬಂದಿದ್ದಳು.

ನಮ್ಮ ಕಡೆಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ರಾತ್ರಿಯಿಡೀ ಒಬ್ಬರನ್ನೊಬ್ಬರು ಮಾತಿನಲ್ಲಿ ಕತ್ತರಿಸಿ ಹಾಕುತ್ತಾರೆ, ಬೆಳಿಗ್ಗೆ ಒಂದೇ ಪಂಕ್ತಿಯಲ್ಲಿ ಕುಳಿತು ತಿಂಡಿ ತಿನ್ನುತ್ತಾರೆ. ನಡುವೆ ಒಂದಿಷ್ಟು ಹೊತ್ತು ಬೇಕು ನೋಡಿ. ಚೆಂಡೆ ನಿಂತ ಮರುಕ್ಷಣವೇ ಅಲ್ಲ.

ಮೈಸೂರು ಮೇಷ್ಟ್ರು

ತಾಯೀ, ಈ ನೀರಿನ ಬಾಟಲಿಯ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಆದರೂ ಕೇಳುತ್ತೇನೆ: ಆ ನಾಯಕಿ ಬಂದದ್ದು ಅವಳ ದೊಡ್ಡತನ. ಪ್ರತಿಯೊಬ್ಬ ಸೋತವನಿಗೂ ಹಾಗೆ ಯಾರೋ ಬರುತ್ತಾರೆಯೇ? ಬರದಿದ್ದರೆ?

ಹಳೆಯ ರೆಫರಿ

ಬರಬೇಕು ಎನ್ನುವುದೇ ನನ್ನ ವಾದ. ನಾವು ಯಾವಾಗಲೂ ಸೋತವನು ಹೇಗೆ ನಡೆದುಕೊಂಡ ಎಂದು ಕೇಳುತ್ತೇವೆ. ಗೆದ್ದವನಿಗೆ ಮನಸ್ಸು ಹಗುರವಾಗಿರುತ್ತದೆ, ಕೈಯಲ್ಲಿ ಸಮಯವಿರುತ್ತದೆ, ಹೆಚ್ಚಿನ ಜವಾಬ್ದಾರಿಯೂ ಅವನದೇ. 1992ರ ಮಾರ್ಚ್ 28, ಫಿಲಡೆಲ್ಫಿಯಾ. ಡ್ಯೂಕ್ ಮತ್ತು ಕೆಂಟಕಿ, ಹೆಚ್ಚುವರಿ ಅವಧಿ. 2.1 ಸೆಕೆಂಡ್ ಉಳಿದಾಗ ಕೆಂಟಕಿ ಒಂದು ಅಂಕ ಮುಂದೆ. ಗ್ರಾಂಟ್ ಹಿಲ್ ಅಂಕಣದ ಈ ತುದಿಯಿಂದ ಎಸೆದ ಚೆಂಡನ್ನು ಕ್ರಿಶ್ಚಿಯನ್ ಲೇಟ್ನರ್ ಆ ಕಡೆ ಹಿಡಿದು, ಒಮ್ಮೆ ಪುಟಿಸಿ, ತಿರುಗಿ ಹಾಕಿದ. 104–103.

ಡ್ಯೂಕ್ ತರಬೇತುದಾರ ಮೈಕ್ ಶಶೆಫ್‌ಸ್ಕಿ ಸಂಭ್ರಮದ ನಡುವೆ ಕೆಂಟಕಿಯ ರೇಡಿಯೊ ವೀಕ್ಷಕ ವಿವರಣೆಕಾರ ಕೇವುಡ್ ಲೆಡ್‌ಫರ್ಡ್ ಬಳಿಗೆ ಹೋದರು. ದಶಕಗಳ ಕಾಲ ಕೆಂಟಕಿಯ ಧ್ವನಿಯಾಗಿದ್ದ ಆತನಿಗೆ ಅದೇ ಕೊನೆಯ ಪಂದ್ಯ. ಆ ಮೈಕ್‌ನಲ್ಲೇ, ಮನೆಗಳಲ್ಲಿ ಅಳುತ್ತ ಕುಳಿತಿದ್ದ ಕೆಂಟಕಿಯ ಜನರಿಗೆ, ನಿಮ್ಮ ಹುಡುಗರು ಎಂಥ ಆಟ ಆಡಿದರು ಎಂದು ಹೇಳಿದರು. ಎದುರಾಳಿಯ ರೇಡಿಯೊಗೆ ಹೋಗಿ!

ತೀರ್ಥಹಳ್ಳಿ ಹುಡುಗ

ಅದೇ ಪಂದ್ಯದಲ್ಲಿ ಲೇಟ್ನರ್ ಕೆಳಗೆ ಬಿದ್ದಿದ್ದ ಕೆಂಟಕಿ ಹುಡುಗನ ಎದೆಯ ಮೇಲೆ ಕಾಲಿಟ್ಟು ಹೊರಗೆ ಹಾಕಿಸಿಕೊಂಡನಲ್ಲವೇ?

ಹಳೆಯ ರೆಫರಿ

ಕಾಲಿಟ್ಟದ್ದು ನಿಜ. ಹೊರಗೆ ಹಾಕಲಿಲ್ಲ, ಟೆಕ್ನಿಕಲ್ ಫೌಲ್ (ನಡತೆಯ ಅಥವಾ ನಿಯಮದ ತಪ್ಪಿಗೆ ಕೊಡುವ ದಂಡ) ಮಾತ್ರ ಕೊಟ್ಟರು. ಕೆಂಟಕಿಯವರ ಹೊಟ್ಟೆಯುರಿ ಇವತ್ತಿಗೂ ಆರದಿರುವುದು ಅದಕ್ಕೇ. ನಾನಾಗಿದ್ದರೆ ಹೊರಗೆ ಕಳುಹಿಸುತ್ತಿದ್ದೆ. ತುಳಿಸಿಕೊಂಡ ಅಮಿನು ಟಿಂಬರ್ಲೇಕ್ ಎದ್ದು ಚಪ್ಪಾಳೆ ತಟ್ಟಿ ನಕ್ಕ. ಕ್ರೀಡಾ ಮನೋಭಾವದ ಪ್ರಶಸ್ತಿ ಕೊಡುವುದಾದರೆ ಆ ದಿನ ಅವನಿಗೇ.

ರಾಲಿ ಕನ್ನಡತಿ

ಗೆದ್ದವರ ಮಾತು ಬಂದಿದ್ದಕ್ಕೆ: 2023ರ ಏಪ್ರಿಲ್‌ನಲ್ಲಿ ಡಲ್ಲಾಸ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ಮಹಿಳೆಯರು 102–85ರಿಂದ ಅಯೋವಾವನ್ನು ಸೋಲಿಸಿದಾಗ, ಏಂಜೆಲ್ ರೀಸ್ ಕೇಟ್ಲಿನ್ ಕ್ಲಾರ್ಕ್ ಎದುರು ಕೈ ಬೀಸಿ, ಚಾಂಪಿಯನ್ನರಿಗೆ ಸಿಗುವ ಉಂಗುರ ನನ್ನದು ಎಂಬಂತೆ ಉಂಗುರದ ಬೆರಳು ತೋರಿಸಿದ್ದಕ್ಕೆ ದೇಶವೆಲ್ಲ ಬೈಯಿತು. ಸೋತ ಕ್ಲಾರ್ಕ್ ಸ್ವತಃ ರೀಸ್‌ಳನ್ನು ಟೀಕಿಸಬೇಡಿ ಎಂದಳು. ಆ ಕೈ ಬೀಸುವ ಸನ್ನೆಯನ್ನು ಕ್ಲಾರ್ಕ್ ಹಿಂದೆ ಮಾಡಿದಾಗ ಮೆಚ್ಚಿದವರೇ ರೀಸ್ ಮಾಡಿದಾಗ ಹುಬ್ಬು ಗಂಟಿಕ್ಕಿದರು. ಯಾರು ಮಾಡಿದರು ಎನ್ನುವುದರ ಮೇಲೆ ನಮ್ಮ ಅಳತೆಗೋಲು ಬದಲಾಗುತ್ತದೆ.

ಹ್ಯೂಸ್ಟನ್ ಕನ್ನಡಿಗ

ದೊಡ್ಡವರೇ ಸರಿಯಿಲ್ಲ. 2023, 2024 ಎರಡೂ ವರ್ಷ ಪ್ರಶಸ್ತಿ ಗೆದ್ದ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ತರಬೇತುದಾರ ಡ್ಯಾನ್ ಹರ್ಲಿ, 2025ರಲ್ಲಿ ಫ್ಲಾರಿಡಾಗೆ 77–75ರಲ್ಲಿ ಸೋತ ಮೇಲೆ, ಒಳಗೆ ಹೋಗುವ ದಾರಿಯಲ್ಲಿ ಎದುರಾದ ಮುಂದಿನ ಪಂದ್ಯದ ಬೇಲರ್ ತಂಡದವರ ಮುಂದೆ ರೆಫರಿಗಳನ್ನು ಹೊಲಸಾಗಿ ಬೈದ. ಆ ವಿಡಿಯೊ ಎಲ್ಲೆಡೆ ಹರಿದಾಡಿತು. ಐವತ್ತು ದಾಟಿದ ತರಬೇತುದಾರನಿಗೇ ತಡೆದುಕೊಳ್ಳಲಾಗದಿದ್ದರೆ ಇಪ್ಪತ್ತರ ಹುಡುಗನ ಮೇಲೆ ನಮ್ಮದೆಂಥ ಗದಾಪ್ರಹಾರ?

ಕೊಲಂಬಸ್ ಅಪ್ಪ

ಎಲ್ಲರ ಮಾತನ್ನೂ ಓದಿದೆ, ಕೆಲವನ್ನು ಎರಡು ಸಲ. ಇನ್ನೊಂದು ವಿಷಯ ಇವತ್ತು ತಿಳಿಯಿತು. ಕಾಲೇಜಿನವರು ಪಂದ್ಯವನ್ನು ಅಂತರ್ಜಾಲದಲ್ಲಿ ನೇರಪ್ರಸಾರ ಮಾಡಿದ್ದರು. ಅದರಿಂದ ಮಗ ಜೆರ್ಸಿ ಎಳೆದುಕೊಂಡು ಅಳುವ ಹನ್ನೆರಡು ಸೆಕೆಂಡಿನ ತುಣುಕನ್ನು ಯಾರೋ ಕತ್ತರಿಸಿ, ಕೆಳಗೆ ಅಸಹ್ಯವಾದ ಮಾತು ಬರೆದು ಹಂಚಿದ್ದಾರೆ. ಅವನ ತಂಗಿಯ ಮೊಬೈಲಿಗೆ ಬಂದಿದೆ. ಹೆಂಡತಿ ನೋಡಿ ಅತ್ತಳು. ನಾನು ಪಾರ್ಕಿಂಗ್ ಜಾಗದಲ್ಲಿ ನಿಂತು ಅಷ್ಟು ಹೇಳುತ್ತಿದ್ದ ಹೊತ್ತಿಗೆ ಆ ತುಣುಕು ಅವನ ಕೈಯಲ್ಲೇ ಇತ್ತೋ ಏನೋ.

ಪಾಯಿಂಟ್ ಗಾರ್ಡ್ 7

ಛೆ. ಇದು ತುಂಬಾ ನೋವಿನ ಸಂಗತಿ ಸರ್. ಇನ್ನೂ ದೊಡ್ಡ ಮಟ್ಟದಲ್ಲಿ ಜೂಜು ಹಾಕಿ ಹಣ ಕಳೆದುಕೊಂಡವರು ಹುಡುಗರಿಗೆ ನೇರವಾಗಿ ಬೆದರಿಕೆ ಸಂದೇಶ ಕಳುಹಿಸುತ್ತಾರೆ. 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಿಂದ ರಾಜ್ಯಗಳಿಗೆ ಕ್ರೀಡಾ ಬೆಟ್ಟಿಂಗ್ ಬಾಗಿಲು ತೆರೆದ ಮೇಲೆ ಇದು ಹೆಚ್ಚಾಗಿದೆ. ಒಬ್ಬ ಆಟಗಾರ ಎಷ್ಟು ಅಂಕ ಹಾಕುತ್ತಾನೆ ಎಂಬುದರ ಮೇಲೂ ಪಣ. ನಿಮ್ಮ ಓಹಾಯೊ 2024ರ ಮಾರ್ಚ್‌ನಿಂದ ಕಾಲೇಜು ಆಟಗಾರರ ಮೇಲೆ ಅಂಥ ಬಿಡಿ ಪಣಗಳನ್ನು ನಿಷೇಧಿಸಿತು.

ಪುತ್ತೂರಿನವಳು

ಬೆಟ್ಟಿಂಗ್ ವಿಷಯಕ್ಕೆ ಬೇರೆ ಚರ್ಚೆ ತೆರೆಯೋಣ. ಈಗ ಆ ಹುಡುಗನ ಬಗ್ಗೆ ಮಾತಾಡೋಣ. ಅಣ್ಣಾ, ದಯವಿಟ್ಟು ಅವನಿಗೆ ಫೋನ್ ಮಾಡುವುದನ್ನು ನಿಲ್ಲಿಸಿ, ಹೋಗಿ. ಕಾರು ಹತ್ತಿ ಹೋಗಿ. ಊಟ ಕಟ್ಟಿಸಿಕೊಂಡು ಹೋಗಿ. ಪಂದ್ಯದ ಮಾತು ನೀವಾಗಿ ಎತ್ತಬೇಡಿ.

ಮೈಸೂರು ಮೇಷ್ಟ್ರು

ಇದನ್ನು ನಾನೂ ಅನುಮೋದಿಸುತ್ತೇನೆ. ಕೈ ಕುಲುಕುವ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಗಾಯದ ಮೇಲೆ ಬರೆ ಎಳೆಯಬಾರದು. ನನ್ನ ಶಿಷ್ಯನೊಬ್ಬನಿಗೆ ಹೀಗೆಯೇ ಸೋತ ದಿನವೇ ಎಲ್ಲರ ಮುಂದೆ ಬುದ್ಧಿ ಹೇಳಿದ್ದೆ. ಮರುದಿನದಿಂದ ಅವನು ಮೈದಾನಕ್ಕೆ ಬರಲಿಲ್ಲ. ಒಳ್ಳೆಯ ಎಡಗೈ ಆಟಗಾರ. ಹೇಳಿದ ಮಾತು ಸರಿಯಿತ್ತು ಎಂದು ಇಷ್ಟು ವರ್ಷ ನಂಬಿದ್ದೆ, ಈಗಲೂ ಸರಿಯಿತ್ತು ಎಂದೇ ಅನ್ನಿಸುತ್ತದೆ. ಆದರೂ ಹುಡುಗ ಬರಲಿಲ್ಲವಲ್ಲ.

ರಾಲಿ ಕನ್ನಡತಿ

ಮಗನಿಗೆ ವರ್ಜೀನಿಯಾ ವಿಶ್ವವಿದ್ಯಾಲಯದ ಆಟಗಾರ ಕೈಲ್ ಗೈ ಬಗ್ಗೆ ಹೇಳಿ. ಹೇಳದಿದ್ದರೂ ಅವನಿಗೆ ಗೊತ್ತಿರುತ್ತದೆ. 2018ರ ಮಾರ್ಚ್ 16, ಅವನ ವರ್ಜೀನಿಯಾ ಆಗ ಇಡೀ ದೇಶದಲ್ಲೇ ಅಗ್ರ ತಂಡ. 16ನೆಯ, ಅಂದರೆ ಕೊನೆಯ ಶ್ರೇಯಾಂಕದ ಯುಎಂಬಿಸಿ ವಿಶ್ವವಿದ್ಯಾಲಯದ ಎದುರು 74–54ರಲ್ಲಿ ಸೋತಿತು. ಪುರುಷರ ಟೂರ್ನಿಯ ಇತಿಹಾಸದಲ್ಲಿ ಒಂದನೆಯ ಶ್ರೇಯಾಂಕದ ತಂಡ 16ನೆಯದಕ್ಕೆ ಸೋತದ್ದು ಅದೇ ಮೊದಲು. ತರಬೇತುದಾರ ಟೋನಿ ಬೆನೆಟ್ ಒಂದೇ ಒಂದು ನೆಪ ಹೇಳದೆ ಎದುರಾಳಿಯನ್ನು ಹೊಗಳಿದರು. ಆ ಹುಡುಗರಿಗೆ ಬೆದರಿಕೆಗಳು ಬಂದವು. ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ ನಿಂತ ತನ್ನ ಆ ದಿನದ ಫೋಟೊವನ್ನು ಕೈಲ್ ಗೈ ಎಲ್ಲರಿಗೂ ಕಾಣುವಂತೆ ತನ್ನ ಖಾತೆಯ ಚಿತ್ರವಾಗಿ ಹಾಕಿಕೊಂಡ. ತನಗಿರುವ ಆತಂಕದ ಸಮಸ್ಯೆಯ ಬಗ್ಗೆಯೂ ಬಹಿರಂಗವಾಗಿ ಬರೆದ.

ಮರುವರ್ಷ ರಾಷ್ಟ್ರೀಯ ಸೆಮಿಫೈನಲ್, ಆಬರ್ನ್ ಎದುರು ಎರಡು ಅಂಕ ಹಿಂದೆ. 0.6 ಸೆಕೆಂಡ್ ಉಳಿದಿದೆ. ಮೂರು ಫ್ರೀ ಥ್ರೋ. ಗೆರೆಯ ಬಳಿ ನಿಂತವನು ಅದೇ ಕೈಲ್ ಗೈ. ಮೂರನ್ನೂ ಹಾಕಿದ. 63–62. ಎರಡು ದಿನದ ನಂತರ ವರ್ಜೀನಿಯಾ ಚಾಂಪಿಯನ್.

ತೀರ್ಥಹಳ್ಳಿ ಹುಡುಗ

ಆದರೆ ಎಲ್ಲರಿಗೂ ಮರುವರ್ಷ ಹಾಗೆ ಸಿಗುವುದಿಲ್ಲ ಅಕ್ಕಾ. 1993ರ ಫೈನಲ್‌ನಲ್ಲಿ ಮಿಷಿಗನ್ 71–73ರಲ್ಲಿ ಹಿಂದಿದ್ದಾಗ, 11 ಸೆಕೆಂಡ್ ಉಳಿದಾಗ, ಟೈಮ್‌ಔಟ್‌ಗಳೆಲ್ಲ ಮುಗಿದಿದ್ದರೂ ಕ್ರಿಸ್ ವೆಬರ್ ಟೈಮ್‌ಔಟ್ ಕೇಳಿದ. ಟೆಕ್ನಿಕಲ್ ಫೌಲ್, ಪಂದ್ಯ ಕೈಬಿಟ್ಟಿತು. ಅವನಿಗೆ ಕಾಲೇಜಿನಲ್ಲಿ ಮತ್ತೊಂದು ಪಂದ್ಯವೇ ಇರಲಿಲ್ಲ. ಅಧ್ಯಕ್ಷ ಕ್ಲಿಂಟನ್ ಸಮಾಧಾನದ ಪತ್ರ ಬರೆದರಂತೆ, ಇರಲಿ. ಮುಂದೆ ಗೆಲ್ಲುತ್ತೀಯ ಎಂದು ಹೇಳಿ ಸಮಾಧಾನ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮುಂದೆ ಗೆಲ್ಲದೆಯೂ ಇರಬಹುದು. ಆಗಲೂ ಅವನು ಒಳ್ಳೆಯ ಹುಡುಗನೇ.

ಭದ್ರಾವತಿ 1980

ತೀರ್ಥಹಳ್ಳಿಯವರ ಕೊನೆಯ ಎರಡು ಸಾಲು ನನ್ನ ಮನೆಯ ಗೋಡೆಗೆ ಅಂಟಿಸುವಂತಿವೆ.

ಸ್ಪೋಕೇನ್ ನಿವಾಸಿ

ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಕಷ್ಟದ ರಾತ್ರಿಯೂ ಇದೆ. 2016ರ ಫೈನಲ್: ವಿಲನೋವ 77, ನಾರ್ತ್ ಕ್ಯಾರೊಲಿನಾ 74. ಗಂಟೆ ಬಾರಿಸುವ ಕ್ಷಣದಲ್ಲಿ ಗೆಲುವಿನ ಎಸೆತ ಹಾಕಿದ ಕ್ರಿಸ್ ಜೆಂಕಿನ್ಸ್ ಬೆಳೆದದ್ದು ನೇಟ್ ಬ್ರಿಟ್ ಮನೆಯಲ್ಲಿ. ಆ ನೇಟ್ ಬ್ರಿಟ್ ಇದ್ದದ್ದು ನಾರ್ತ್ ಕ್ಯಾರೊಲಿನಾ ತಂಡದಲ್ಲಿ. ಒಂದೇ ಮನೆಯ ಇಬ್ಬರು ಹುಡುಗರು, ಒಬ್ಬನ ಕೈಯಿಂದ ಇನ್ನೊಬ್ಬನ ಸೋಲು. ಆ ತಂದೆತಾಯಿ ಮೊದಲು ಯಾರ ಬಳಿಗೆ ಹೋಗಬೇಕು? ಮರುವರ್ಷ ಬ್ರಿಟ್‌ನ ತಂಡ ನಮ್ಮ ಗೊನ್ಝಾಗವನ್ನು 71–65ರಿಂದ ಸೋಲಿಸಿ ಗೆದ್ದಿತು, ಆ ನೋವು ನನ್ನದು.

ಕೊಲಂಬಸ್ ಅಪ್ಪ

ನಿನ್ನೆ ಸಂಜೆ ಹೋಗಿ ಬಂದೆವು. ಹೆಂಡತಿ ವಾಂಗೀಬಾತ್, ಮೊಸರನ್ನ ಕಟ್ಟಿದ್ದಳು. ಅವನ ಕೋಣೆಯಲ್ಲೇ ನೆಲದ ಮೇಲೆ ಕುಳಿತು ಮೂವರೂ ತಿಂದೆವು. ಪುತ್ತೂರಿನ ತಂಗಿ ಹೇಳಿದಂತೆ ನಾನು ಪಂದ್ಯದ ಮಾತು ಎತ್ತಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಅವನೇ ಶುರು ಮಾಡಿದ. ಚೆಂಡು ಕೈಬಿಟ್ಟ ಕೂಡಲೇ ಗೊತ್ತಾಯಿತಂತೆ, ತೋರುಬೆರಳಿನಿಂದ ಒಂಚೂರು ಜಾಸ್ತಿ ತಳ್ಳಿದೆ ಎಂದು. ಬೆರಳನ್ನು ನನ್ನ ಮುಖದ ಮುಂದೆ ಹಿಡಿದು ತೋರಿಸಿದ. ಅಷ್ಟು ಸಣ್ಣ ವಿಷಯ ಅಪ್ಪಾ ಎಂದ.

ಪಾರ್ಕಿಂಗ್ ಜಾಗದ ಮಾತಿಗೆ ನಾನು ಕ್ಷಮೆ ಕೇಳಿದೆ. ಹೇಳಿದ ಹೊತ್ತು ತಪ್ಪು ಎಂದೆ. ಮಾತು ತಪ್ಪು ಎನ್ನಲಿಲ್ಲ. ಆ 11ನೆಯ ನಂಬರಿನ ಹುಡುಗ ಕೈ ಚಾಚಿ ನಿಂತದ್ದು ನನಗೆ ಬಹಳ ಕಷ್ಟವಾಯಿತು ಎಂದೆ. ಅವನು ತಲೆಯೆತ್ತಿ ಕೇಳಿದ: "ಯಾವ ಹುಡುಗ?"

ಅವನು ನೋಡಿಯೇ ಇರಲಿಲ್ಲ. ಜೆರ್ಸಿಯನ್ನು ಕಣ್ಣಿನವರೆಗೆ ಎಳೆದುಕೊಂಡೇ ನಡೆದಿದ್ದ, ನೆಲ ಮಾತ್ರ ಕಾಣುತ್ತಿತ್ತಂತೆ. ನಾಲ್ಕನೆಯ ಸಾಲಿನಲ್ಲಿ ಕುಳಿತ ನನಗೆ ಕಂಡದ್ದು ಎರಡು ಹೆಜ್ಜೆ ದೂರದಲ್ಲಿದ್ದ ಅವನಿಗೆ ಕಂಡಿರಲಿಲ್ಲ.

ಹಳೆಯ ರೆಫರಿ

ನಲವತ್ತು ವರ್ಷ ಸೀಟಿ ಊದಿದ್ದೇನೆ. ನನಗೆ ಕಂಡದ್ದೇ ನಡೆದದ್ದು ಎಂದುಕೊಂಡು ಎಷ್ಟು ತೀರ್ಪು ಕೊಟ್ಟಿದ್ದೇನೋ.

ಮೈಸೂರು ಮೇಷ್ಟ್ರು

ಸಾಲಿಗೆ ಏಕೆ ಬರಲಿಲ್ಲವಂತೆ?

ಕೊಲಂಬಸ್ ಅಪ್ಪ

ಕೇಳಿದೆ ಸರ್. ಬರಬೇಕಿತ್ತು, ಅದು ತಪ್ಪೇ ಎಂದು ಅವನೇ ಹೇಳಿದ. ನಾವು ಹೊರಡುವ ಮೊದಲು ಆ ತಂಡದ ಆಟಗಾರರ ಪಟ್ಟಿಯಲ್ಲಿ 11ನೆಯ ನಂಬರ್ ಹುಡುಕಿ, ಆ ಹುಡುಗನಿಗೆ ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಸಾಲು ಬರೆದ. ಏನು ಬರೆದ ಎಂದು ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಪುತ್ತೂರಿನವಳು

ಉತ್ತರ ಬಂತೇ ಅಣ್ಣಾ?

ಕೊಲಂಬಸ್ ಅಪ್ಪ

ಇನ್ನೂ ಇಲ್ಲ. ಅವರು ಶನಿವಾರ ಫೈನಲ್ ಗೆದ್ದು ಎನ್‌ಸಿಎಎ (ಕಾಲೇಜು ಕ್ರೀಡಾ ಸಂಸ್ಥೆ) ನಡೆಸುವ ರಾಷ್ಟ್ರೀಯ ಟೂರ್ನಿಗೆ ಹೋಗುತ್ತಿದ್ದಾರೆ, ಶುಕ್ರವಾರ ಮೊದಲ ಪಂದ್ಯ. ಮಗ ಅದನ್ನು ನೋಡುತ್ತಾನಂತೆ. ನಾನೂ ನೋಡುತ್ತೇನೆ.